ಬಾಯಿ ಮುಚ್ಚಿದ ನಾಲ್ಕು

ಕೃಷ್ಣೆಯ ನಡುಗಡ್ಡೆಯಿಂದ
ಸೇತುವೆ ಬಿದ್ದ ೧೬೨ನೆಯ ವರುಷ, ಹದಿಮೂರನೆಯ ತಿಂಗಳು, ಶುದ್ಧ ಬಿದಿಗೆ
ಮೊದಲನೆಯ ನಿದ್ದೆ ಮುಗಿದ ಮೇಲೆ

ಹಿಂದಿನವರಾದ ನಿಮಗೆ ಮುಂದಿನವನಾದ ಹುಸೇನಪ್ಪನ ಶರಣು.

ಇಂಥ ತಿಂಗಳು ನಿಮ್ಮ ಪಂಚಾಂಗದಲ್ಲಿ ಇಲ್ಲವೆಂದು ನನಗೆ ಗೊತ್ತು. ನಿಮಗೆ ಅಧಿಕಮಾಸ ಎಂಬುದು ಯಾವಾಗಲೋ ಒಮ್ಮೆ ಬರುತ್ತಿತ್ತಂತೆ. ನಮಗೆ ಪ್ರತಿ ವರುಷವೂ ಬರುತ್ತದೆ, ಬಂದು ಬಿಸಿಲು ಸುರಿದು ಹೋಗುತ್ತದೆ. ನನ್ನ ಮಾತುಗಳೂ ಕೆಲವು ನಿಮಗೆ ಸೊಟ್ಟಗೆ ಕಾಣಬಹುದು, ಹೊಟ್ಟೆಗೆ ಹಾಕಿಕೊಳ್ಳಿ. ನಾನು ಬೇವಿನಕಟ್ಟೆ ಶಾಲೆಯಲ್ಲಿ ಐದನೆಯ ಇಯತ್ತೆಯವರೆಗೆ ಓದಿದವನು. ಐದು ವರುಷವೂ ನಾನೇ ಮೊದಲನೆಯವನಾಗಿ ಪಾಸಾದೆ. ಇಯತ್ತೆಯಲ್ಲಿ ನಾನೊಬ್ಬನೇ ಇದ್ದೆ ಎಂಬುದನ್ನು ಯಾರೂ ಕೇಳದಿದ್ದರೆ ನಾನಾಗಿ ಹೇಳುವುದಿಲ್ಲ.

ಇದು ಹಿಂದೋಲೆ. ನಮ್ಮಲ್ಲಿ ಇನ್ನೊಬ್ಬರ ಕೈಯ ಕಲಿಕೆಯ ಬಗ್ಗೆ ಸುಳ್ಳು ಸಾಕ್ಷಿ ಹೇಳಿದವನು, ತನಗಿಂತ ಬಹಳ ಹಿಂದೆ ಬದುಕಿ ಹೋದವರಿಗೆ ಓಲೆ ಬರೆಯಬೇಕು. ಬದುಕಿರುವವರಿಗೆ ಬರೆದರೆ ಅವರು ಬೈಯುತ್ತಾರೆ, ಇಲ್ಲವೇ ಅಯ್ಯೋ ಪಾಪ ಎನ್ನುತ್ತಾರೆ. ಎರಡರಲ್ಲಿ ಯಾವುದು ಸಿಕ್ಕಿದರೂ ಮನಸ್ಸು ಹಗುರಾಗುತ್ತದೆ. ಹಗುರಾಗಬಾರದು ಎಂಬುದೇ ಕಟ್ಟಳೆ. ಬರೆದದ್ದನ್ನು ಸುಟ್ಟ ಮಣ್ಣಿನ ಗಡಿಗೆಯಲ್ಲಿಟ್ಟು, ಬಾಯಿಗೆ ಮೇಣ ಮೆತ್ತಿ, ಹೊಳೆಯಲ್ಲಿ ಮುಳುಗಿಸುತ್ತಾರೆ. ನಿಮ್ಮ ಕೈಗೆ ಅದು ಹೇಗೆ ತಲುಪುತ್ತದೆಂದು ಕೇಳಬೇಡಿ. ಐದನೆಯ ಇಯತ್ತೆಯಲ್ಲಿ ಅದನ್ನು ಕಲಿಸಿರಲಿಲ್ಲ.

ನೀವು ರಾಯಚೂರು ಸೀಮೆ ಎನ್ನುತ್ತಿದ್ದ ಕಡೆ ಹೊಳೆ ಎರಡು ಸೀಳಾಗಿ ಹರಿದು ಮತ್ತೆ ಕೂಡುತ್ತದಲ್ಲ, ಆ ಸೀಳಿನ ನಡುವೆ ನಮ್ಮ ಊರು. ನಿಮ್ಮ ಸೇತುವೆಯ ಕಂಬಗಳು ಇನ್ನೂ ನಿಂತಿವೆ, ಅವುಗಳ ಮೇಲೆ ನೀರುಕಾಗೆಗಳು ರೆಕ್ಕೆ ಬಿಚ್ಚಿ ಒಣಗಿಸಿಕೊಳ್ಳುತ್ತವೆ. ಬಿದ್ದ ಸೇತುವೆಯನ್ನು ಯಾರೂ ಮತ್ತೆ ಕಟ್ಟಲಿಲ್ಲ, ಅದರ ಕಬ್ಬಿಣವೆಲ್ಲ ನೆರಳುಮನೆಗಳಿಗೆ ಹೋಯಿತು. ನೆರಳುಮನೆ ಎಂದರೆ ನೆಲದೊಳಗೆ ಅಗೆದು ಕಟ್ಟಿದ ಮನೆ. ಬಿಸಿಲು ನೆತ್ತಿಗೆ ಬಂತೆಂದರೆ ದನ, ಮಕ್ಕಳು, ನಾಯಿ, ಯಜಮಾನ, ಎಲ್ಲರೂ ಅದರೊಳಗೆ ಇಳಿದು ಮಲಗುತ್ತಾರೆ. ಅದು ಮೊದಲನೆಯ ನಿದ್ದೆ. ರಾತ್ರಿಯದು ಎರಡನೆಯದು. ಹೀಗೆ ನಮ್ಮ ದಿನಕ್ಕೆ ಎರಡು ಮುಂಜಾನೆಗಳಿವೆ, ಕೆಲಸ ಕಲಿಯುವವರಿಗೆ ಇದರಿಂದ ದೊಡ್ಡ ಲಾಭ. ಬೆಳಿಗ್ಗೆ ಕಲಿತದ್ದನ್ನು ಕೈ ಮಧ್ಯಾಹ್ನ ಮಲಗಿ ಅರಗಿಸಿಕೊಳ್ಳುತ್ತದೆ, ಸಂಜೆಗೆ ಇನ್ನಷ್ಟು ಚುರುಕಾಗಿ ಏಳುತ್ತದೆ. ಊಟಕ್ಕೆ ಜೋಳದ ರೊಟ್ಟಿ, ಪುಂಡಿಪಲ್ಯ. ಅದು ಬದಲಾಗಿಲ್ಲ, ಸಮಾಧಾನ ಮಾಡಿಕೊಳ್ಳಿ. ದೀಪಕ್ಕೆ ಬಿಸಿಲುಬಟ್ಟೆ: ಹಗಲಲ್ಲಿ ಹೊರಗೆ ಹರವಿ, ಕತ್ತಲಾದ ಮೇಲೆ ಒಳಗೆ ತೂಗುಹಾಕಿದರೆ ಮನೆಯೆಲ್ಲ ಬೆಳಗುತ್ತದೆ. ಯಾರಾದರೂ ಮಡಿಸಿಡಲು ಮರೆತರೆ ಮಕ್ಕಳು ಮಲಗುವುದಿಲ್ಲ.

ಆಚೆ ದಡಕ್ಕೆ ಹೋಗಲು ಹರಿಗೋಲು. ಬಿದಿರಿನ ಬುಟ್ಟಿ ನಿಮ್ಮದೇ ಮಾದರಿ. ಮೇಲಿನ ಹೊದಿಕೆ ಮಾತ್ರ ಪಾಚಿತೊಗಲು, ಹೊಳೆಯ ಪಾಚಿಯನ್ನು ಕೊಪ್ಪರಿಗೆಯಲ್ಲಿ ಕುದಿಸಿ, ಬಂಡೆಯ ಮೇಲೆ ಎರೆದು ಒಣಗಿಸಿದ್ದು. ಮೀನಿನ ವಾಸನೆ ಹೋಗುವುದಿಲ್ಲ, ನೀರೂ ಒಳಗೆ ಬರುವುದಿಲ್ಲ. ಹರಿಗೋಲಿಗೆ ಹಿಂದಿಲ್ಲ, ಮುಂದಿಲ್ಲ. ಹೊಸಬರು ಕೂತು ಹುಟ್ಟು ಹಾಕಿದರೆ ಅದು ಇದ್ದಲ್ಲೇ ಗರಗರ ತಿರುಗುತ್ತದೆ. ಹುಟ್ಟು ಎಂದರೆ ನೀವು ನಾವು ಹುಟ್ಟಿದ್ದಲ್ಲ, ನೀರು ತಳ್ಳುವ ಮರದ ಸೌಟು. ಒಂದೇ ಹುಟ್ಟಿನಿಂದ ಹರಿಗೋಲನ್ನು ನೆಟ್ಟಗೆ ಹೊಡೆಯುವವರಲ್ಲಿ ಮೇಲಿನ ಮಡುವಿನಿಂದ ಕೆಳಗಿನ ಸಂಗಮದವರೆಗೆ ನನ್ನ ಸಮ ಇನ್ನೊಬ್ಬನಿಲ್ಲ. ಇದು ಜಂಬವಲ್ಲ. ಜಂಬ ಕೊಚ್ಚಬೇಕೆಂದರೆ, ತಲೆಯ ಮೇಲೆ ಕೋಳಿ ಕೂರಿಸಿಕೊಂಡು ಹೊಳೆ ದಾಟಿ, ಆಚೆ ಇಳಿದಾಗ ಕೋಳಿ ಮೊಟ್ಟೆ ಇಟ್ಟಿದ್ದನ್ನು ಹೇಳಬೇಕಾಗುತ್ತದೆ.

ನಮ್ಮಲ್ಲಿ ವಯಸ್ಸಿಗೆ ಬಂದ ಪ್ರತಿಯೊಬ್ಬರೂ ಒಂಟಿದಾಟು ಮಾಡಬೇಕು. ಹರಿಗೋಲಿನಲ್ಲಿ ಒಬ್ಬರೇ ಕೂತು, ಎಲ್ಲರೂ ನೋಡುತ್ತಿರುವಾಗ ಆಚೆಗೆ ಹೋಗಿ ಈಚೆಗೆ ಬರಬೇಕು. ಮೂರು ಸಲ ಅವಕಾಶ. ಗೆದ್ದವರಿಗೆ ಸ್ವಂತ ಹರಿಗೋಲು, ಸ್ವಂತ ಒಲೆ, ಕಡವುಕೂಟದಲ್ಲಿ ಮಾತಿನ ಸರದಿ. ಕಡವುಕೂಟ ಎಂದರೆ ದೋಣಿ ಹತ್ತುವ ಕಟ್ಟೆಯ ಮೇಲೆ ಸೇರುವ ನಮ್ಮ ಪಂಚಾಯಿತಿ. ಗೆಲ್ಲದವರು ದಡದವರು. ಅವರನ್ನು ಯಾರೂ ಹಂಗಿಸುವುದಿಲ್ಲ. ಬಿಸಿ ರೊಟ್ಟಿ ಮೊದಲು ಅವರಿಗೇ. ಎಲ್ಲಿಗೆ ಹೋಗಬೇಕೆಂದರೂ ಯಾರಾದರೂ ಹರಿಗೋಲಿನ ನಡುವೆ ಕೂರಿಸಿ, ಅಲ್ಲಾಡಬೇಡಿ ಎಂದು ಹೇಳಿ, ಜೋಪಾನವಾಗಿ ಇಳಿಸುತ್ತಾರೆ. ಎಲ್ಲಿಗೆ ಹೋದಿರಿ, ಯಾಕೆ ಹೋದಿರಿ ಎಂಬುದು ಊರಿಗೆಲ್ಲ ಗೊತ್ತಿರುತ್ತದೆ, ಅಷ್ಟೇ.

ಹುಲಿಗೆಮ್ಮ ನನ್ನ ತಂಗಿ ಸಣ್ಣಈರಮ್ಮನ ಮಗಳು. ಅವಳಿಗೆ ಕವಲುಗಿವಿ ಇದೆ. ನಿಮ್ಮ ಕಾಲದಲ್ಲಿ ಇದನ್ನು ಸ್ಕಿಜೋಫ್ರೇನಿಯಾ ಎನ್ನುತ್ತಿದ್ದರಂತೆ. ಇಲ್ಲದ ದನಿ ಕಿವಿಗೆ ಬೀಳುವುದು, ಯಾರೋ ತನ್ನನ್ನೇ ನೋಡುತ್ತಿದ್ದಾರೆ ಎನಿಸುವುದು, ಕೆಲವು ದಿನ ಮಾತಿನ ಎಳೆ ಕೈಜಾರುವುದು. ನಮ್ಮ ಕಾಲದ ಬಗ್ಗೆ ನನಗೆ ಬಹಳ ಹೆಮ್ಮೆ ಇತ್ತು. ನಾವು ಇಂಥವರನ್ನು ಕಟ್ಟಿಹಾಕುವುದಿಲ್ಲ, ಹೊಡೆದು ದೆವ್ವ ಬಿಡಿಸುವುದಿಲ್ಲ, ಹೆಣ್ಣು ನೋಡಲು ಬಂದವರ ಎದುರು ಒಳಕೋಣೆಗೆ ದೂಡುವುದಿಲ್ಲ. ಹುಲಿಗೆಮ್ಮ ರೊಟ್ಟಿ ಬಡಿಯುವಾಗ ಆ ದನಿಗಳು ಜಾಸ್ತಿಯಾದರೆ, ಮನೆಗೆ ಬಂದ ನೆಂಟರಿಗೆ ಹೇಳಿದ ಹಾಗೆ, "ಸ್ವಲ್ಪ ಸುಮ್ಕಿರ್ರಿ, ರೊಟ್ಟಿ ಹೊತ್ತತೈತಿ" ಎನ್ನುತ್ತಾಳೆ. ನಾವೂ ನಗುತ್ತೇವೆ, ಅವಳೂ ನಗುತ್ತಾಳೆ. ಅವಳ ಗುಳಿಗೆ ಆಚೆ ದಡದ ಮದ್ದಿನಮನೆಯಲ್ಲಿ ಚಾಂದಬಿಯವರ ಹತ್ತಿರ ಸಿಗುತ್ತದೆ. ಪ್ರತಿ ಅಮಾವಾಸ್ಯೆಗೆ ಹೋಗಿ ತೋರಿಸಿಕೊಂಡು ತರಬೇಕು. ಯಾರು ದಾಟಿಸುತ್ತಾರೋ ಅವರು ಈಚೆಗೆ ಬಂದ ಕೂಡಲೆ ಸುದ್ದಿ: ಈ ಸಲ ಗುಳಿಗೆ ದೊಡ್ಡದಾಯಿತಂತೆ, ಚಾಂದಬಿ ಬಹಳ ಹೊತ್ತು ಮಾತಾಡಿದರಂತೆ, ಹುಲಿಗೆಮ್ಮ ಅತ್ತಳಂತೆ.

ಹೋದ ವರುಷದ ಬೇಸಿಗೆಯಲ್ಲಿ ಅವಳು ನನ್ನ ಹತ್ತಿರ ಬಂದಳು. "ಮಾವಾ, ನನ್ನ ಗುಳಿಗಿ ನಾನ ತರಬೇಕು. ಹುಟ್ಟು ಕಲಿಸು" ಎಂದಳು. ನಾನು ಮೀಸೆ ತಿರುವಿದೆ. "ಮೂರು ಮುಂಜಾನಿ ಸಾಕು. ಈ ಹುಸೇನಪ್ಪ ಕಲಿಸಿದ್ರ ಎಮ್ಮಿನೂ ಹುಟ್ಟು ಹಾಕತೈತಿ" ಎಂದೆ. ಅವಳು, "ಹಂಗಾರ ಮೊದ್ಲ ಎಮ್ಮಿಗೆ ಕಲಿಸು ಮಾವಾ, ಅದನ್ನ ನೋಡಿ ನಾ ಕಲೀತೀನಿ" ಎಂದಳು. ಹೀಗೆ ನಗುನಗುತ್ತ ಶುರುವಾದದ್ದು.

ಹುಟ್ಟು ಕಲಿಸುವುದಕ್ಕೆ ನಮ್ಮಲ್ಲಿ ಇರುವುದು ಒಂದೇ ಮಾತು: ನೀರಿನಲ್ಲಿ ಎಂಟು ಬರೆ. ನನ್ನ ಅಪ್ಪ ನನಗೆ ಹೇಳಿದ, ಅವನ ಅಪ್ಪ ಅವನಿಗೆ. ಹುಟ್ಟನ್ನು ಎದುರಿಗೆ ಇಳಿಸಿ ಎಂಟು ಬರೆದರೆ ಹರಿಗೋಲು ನೆಟ್ಟಗೆ ಹೋಗುತ್ತದೆ. ನಾನೂ ಊರಿನ ಎಲ್ಲ ಮಕ್ಕಳಿಗೆ ಇದನ್ನೇ ಕೂಗಿ ಕೂಗಿ ಕಲಿಸಿದವನು. ಹುಲಿಗೆಮ್ಮ ಕೂತಳು, ಎಂಟು ಬರೆದಳು. ಹರಿಗೋಲು ತಿರುಗಿತು. ಮತ್ತೆ ಬರೆದಳು, ಮತ್ತೆ ತಿರುಗಿತು. ಬಟ್ಟೆ ಒಗೆಯುತ್ತಿದ್ದ ಹೆಂಗಸರು, "ಎಲ್ಲಿಗೆ ಹೊಂಟೀ ಹುಲಿಗೀ, ಇದ್ದಲ್ಲಿಗೇನ?" ಎಂದು ಕೂಗಿದರು. ಮೂರನೆಯ ಮುಂಜಾನೆಯೂ ಹಾಗೇ ಆಯಿತು. ಜನ ನನ್ನ ಕಡೆ ನೋಡತೊಡಗಿದರು. ನನ್ನ ಕಲಿಸುವಿಕೆಯ ಮೇಲೆ ಮಾತು ಬರುವ ಮೊದಲು ನಗುವನ್ನು ಅವಳ ಕಡೆ ತಿರುಗಿಸಬೇಕಿತ್ತು. ದಡದ ಮೇಲೆ ನಿಂತು, "ಬುಗುರಿ ಆಕಿ, ಬುಗುರಿ! ಚಾಟಿ ಎಲ್ಲೈತಿ, ತರ್ರಿ!" ಎಂದು ಕೂಗಿದೆ. ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಅವಳೂ ನಕ್ಕಳು. ಸಂಜೆಗೆ ಊರಿನ ಮಕ್ಕಳೆಲ್ಲ ಅವಳನ್ನು ಬುಗುರಿ ಎನ್ನುತ್ತಿದ್ದರು.

ಅವಳು ಬಿಡಲಿಲ್ಲ. ದಿನವೂ ಬಂದಳು. ಒಮ್ಮೊಮ್ಮೆ ಬೆಳಗಿನ ಹೊತ್ತು ಹೇಗೋ ಹುಟ್ಟು ಹತ್ತುತ್ತಿತ್ತು, ಹರಿಗೋಲು ಮೊದಲ ಕಂಬದ ತನಕ ಹೋಗುತ್ತಿತ್ತು. ನಿದ್ದೆ ಮಾಡಿ ಸಂಜೆಗೆ ಬಂದರೆ ಏನೂ ಕಲಿತೇ ಇಲ್ಲದವಳ ಹಾಗೆ ಮೊದಲಿನಿಂದ ಶುರು. ಬೇರೆ ಮಕ್ಕಳದು ಹೀಗಲ್ಲ, ಮಲಗಿ ಎದ್ದರೆ ಕೈ ಚುರುಕಾಗಿರುತ್ತದೆ. ನನಗೆ ಸಿಟ್ಟು ಬರುತ್ತಿತ್ತು. "ಮುಂಜಾನಿ ಬಂದಿದ್ದು ಎಲ್ಲಿ ಹೋತು? ರೊಟ್ಟಿ ಕೂಡ ತಿಂದ್ಯೇನ?" ಎನ್ನುತ್ತಿದ್ದೆ. ಒಂದು ಸಲ ಅವಳು, "ಮಾವಾ, ನೀ ಹೇಳೋ ಎಂಟು ಯಾವ್ದು?" ಎಂದು ಕೇಳಿದಳು. ಎಂಟರಲ್ಲಿ ಯಾವುದು ಎಂದರೇನು ಅರ್ಥ? ಕವಲುಗಿವಿಯ ಮಾತು ಎಂದುಕೊಂಡು, ಪಕ್ಕದಲ್ಲಿದ್ದವರ ಕಡೆ ನೋಡಿ ಕಣ್ಣು ಮಿಟುಕಿಸಿದೆ. ಅವಳು ಅದನ್ನು ನೋಡಿದಳು.

ಮೊದಲ ಒಂಟಿದಾಟಿನಲ್ಲಿ ಸೋತಳು. ಎರಡನೆಯದರಲ್ಲೂ ಸೋತಳು. ಮೂರನೆಯದಕ್ಕೆ ಮುಂಚೆ ಕೂಟದ ಯಜಮಾನ ಬೂದೆಪ್ಪನವರು ನನ್ನನ್ನು ಕರೆದು, ಕಲಿಸಿದವನ ಸಾಕ್ಷಿ ಏನು ಎಂದು ಕೇಳಿದರು. ನಾನು ಎದ್ದು ನಿಂತು, "ನನ್ನ ಕೈಯಾಗ ಕಲೀದವ್ರು ಯಾರ ಕೈಯಾಗೂ ಕಲಿಯಂಗಿಲ್ರೀ. ಕವಲುಗಿವಿಯವ್ರ ಕೈಗೆ ಕಲಿಕಿ ಹತ್ತಂಗಿಲ್ಲ. ಮೂರನೇದು ಬ್ಯಾಡ. ನಮ್ಮ ಕೂಸು, ನೀರಿಗೆ ಬಿದ್ದುಗಿದ್ದೀತು" ಎಂದೆ. ಕೊನೆಯ ಮಾತು ಹೇಳುವಾಗ ದನಿ ಸಣ್ಣಗೆ ಮಾಡಿದ್ದೆ. ಎಷ್ಟು ಪ್ರೀತಿ ನೋಡು ಸೋದರಮಾವನದು ಎಂದು ಒಬ್ಬಿಬ್ಬರು ಕಣ್ಣು ಒರೆಸಿಕೊಂಡರು. ಕೂಟ ಅವಳ ಮೂರನೆಯ ಅವಕಾಶವನ್ನು ತೆಗೆದುಹಾಕಿತು. ಅವಳು ಕಟ್ಟೆಯ ಕೆಳಗೆ ನಿಂತಿದ್ದಳು. ಮಾತಿನ ಸರದಿ ಇಲ್ಲದವರು ಕಟ್ಟೆ ಹತ್ತುವಂತಿಲ್ಲ.

ಮಾರನೆಯ ಬೆಳಿಗ್ಗೆ ಅವಳು ಹೊಳೆಯ ಹತ್ತಿರ ಬಂದಳು. ಅಳು ಇಲ್ಲ, ಜಗಳ ಇಲ್ಲ. "ಮಾವಾ, ನಾ ಇನ್ನ ಹುಟ್ಟು ಮುಟ್ಟಂಗಿಲ್ಲ. ಒಂದ ಸಲ ನೀ ಹೊಡಿಯೋದು ತೋರ್ಸು. ಸಾವಕಾಶ" ಎಂದಳು. ತೋರಿಸುವುದೆಂದರೆ ನನಗೆ ಹಬ್ಬ. ಕೂತೆ, ಹೊಡೆದೆ, ಬಾಣ ಬಿಟ್ಟ ಹಾಗೆ ಹೋದೆ. ಅವಳು ಮಂಡಿಯುದ್ದ ನೀರಿನಲ್ಲಿ ನಿಂತು, "ನೀ ಬಾಯಾಗ ಹೇಳೋದು ಒಂದು, ನಿನ್ನ ಕೈ ಬರಿಯೋದು ಒಂದು. ನಿನ್ನ ಕೈ ಏನ್ ಬರಿಯಾಕತ್ತೈತಿ, ನೋಡಿ ಹೇಳು" ಎಂದು ಕೂಗಿದಳು. ಅದೇನು ಮಹಾ ಎಂದು ನಾನು ನನ್ನ ಕೈಯನ್ನೇ ನೋಡುತ್ತ ಹುಟ್ಟು ಹಾಕಿದೆ. ಈಗ ಇದು ಇಳಿಯಿತು, ಈಗ ಇದು ತಿರುಗಿತು, ಈಗ ಎಲ್ಲಿ ಹೋಗಬೇಕು? ಕೈ ತಡವರಿಸಿತು. ಹರಿಗೋಲು ತಿರುಗಿತು. ನಾನು, ಹುಸೇನಪ್ಪ, ಕೋಳಿಯ ಹುಸೇನಪ್ಪ, ಹೊಳೆಯ ನಡುವೆ ಗರಗರ ತಿರುಗಿದೆ. ಒಗೆಯುವ ಹೆಂಗಸರು ಬಟ್ಟೆ ಬಿಟ್ಟು ಎದ್ದು ನಿಂತರು. ಇಷ್ಟು ವರುಷ ನನ್ನದೇ ಎಂದುಕೊಂಡಿದ್ದ ವಿದ್ಯೆ ನನ್ನ ಕೈಯ ಹತ್ತಿರ ಮಾತ್ರ ಇತ್ತು, ನನ್ನ ಹತ್ತಿರ ಇರಲಿಲ್ಲ.

ನಾನು ದಡಕ್ಕೆ ಬರುವ ಹೊತ್ತಿಗೆ ಹುಲಿಗೆಮ್ಮ ಮರಳಿನ ಮೇಲೆ ಎರಡು ಗುರುತು ಬರೆದಿದ್ದಳು. ಒಂದು ನಮ್ಮ ಶಾಲೆಯ ಎಂಟು, ೮. ಒಂದು ಕಡೆ ಇಳಿದು, ತಳದಲ್ಲಿ ಬಳಸಿ, ಇನ್ನೊಂದು ಕಡೆ ಏರಿ ಹೋಗುವ ತೆರೆದ ಬಾಯಿಯ ಎಂಟು. "ನಾ ಇದನ್ನ ಬರದೆ ಮಾವಾ, ನೀ ಹೇಳಿದಂಗ. ನಿನ್ನ ಕೈ ಇದನ್ನ ಬರಿಯಂಗಿಲ್ಲ. ನಿನ್ನ ಕೈ ನಾಕು ಬರಿತೈತಿ, ಬರದು ಅದರ ಬಾಯಿ ಮುಚ್ಚತೈತಿ" ಎಂದು ಎರಡನೆಯದನ್ನು ತೋರಿಸಿದಳು. ೪ ಬರೆದು, ಮೇಲಿನ ಎರಡು ಕೊಂಬುಗಳನ್ನು ಕೂಡಿಸಿದ್ದಳು. ಒಂದರ ಮೇಲೊಂದು ಕೂತ ಎರಡು ಸೊನ್ನೆಗಳ ಹಾಗೆ ಕಾಣುತ್ತಿತ್ತು.

ಆ ಅಮಾವಾಸ್ಯೆಗೆ ನಾನೇ ಅವಳನ್ನು ಮದ್ದಿನಮನೆಗೆ ದಾಟಿಸಿದೆ. ಅಲ್ಲಿ ಅಂಗಳದ ಧೂಳಿನಲ್ಲಿ ಅವಳು ಅದನ್ನೇ ಬರೆದು ತೋರಿಸಿದಾಗ ಚಾಂದಬಿ ನಕ್ಕುಬಿಟ್ಟರು. "ಇದು ಹಿಂದಿನವ್ರ ಎಂಟು ಅಲ್ಲೇನ್ರಿ! ನನ್ನ ಹಳೇ ಮದ್ದಿನ ಪುಸ್ತಕದಾಗ ಅಳತಿ ಎಲ್ಲ ಇದೇ ಅಂಕಿಯಾಗ ಅದ" ಎಂದರು. ಅಂದರೆ ನಿಮ್ಮ ಎಂಟು. ನೀವು 8 ಎಂದು ಬರೆಯುತ್ತಿದ್ದಿರಿ, ಹಾಗೆ ಬರೆ ಎಂದು ಯಾರೋ ಒಬ್ಬ ಹುಟ್ಟುಗಾರ ತನ್ನ ಮಗನಿಗೆ ಹೇಳಿದ. ಅಂಕಿ ಹೋಯಿತು, ಮಾತು ಉಳಿಯಿತು. ನಾವು ಅದನ್ನೇ ಕೂಗಿಕೊಂಡು ಬಂದೆವು. ಬೇರೆ ಮಕ್ಕಳು ಹೇಗೆ ಕಲಿತರು ಎಂದು ಕೇಳುತ್ತೀರಿ. ಅವರ ಕೈ ನನ್ನ ಬಾಯಿಯನ್ನು ನಂಬಲಿಲ್ಲ, ನನ್ನ ಕೈಯನ್ನು ನೋಡಿ ತಾನಾಗಿ ಹಿಡಿದುಕೊಂಡಿತು. ಹುಲಿಗೆಮ್ಮನ ಕೈಗೆ ಹಾಗೆ ತಾನಾಗಿ ಹಿಡಿಯುವುದು ಕಷ್ಟ. ಅದಕ್ಕೆ ಅವಳು ನನ್ನ ಮಾತನ್ನು ನಂಬಿದಳು.

ಚಾಂದಬಿ ಇನ್ನೊಂದು ವಿಷಯ ಹೇಳಿದರು. "ನಿದ್ದಿಯೊಳಗ ಕೈ ಹಗಲ ಕಲ್ತದ್ದನ್ನ ಕುಂತು ಹೊಲ್ಕೋತದ. ಈ ಜಡ್ಡಿನವ್ರಿಗೆ ಭಾಳ ಮಂದಿಗೆ ಆ ಹೊಲಿಗಿ ಸಡ್ಲ. ಗುಳಿಗಿನೂ ಒಮ್ಮೊಮ್ಮೆ ಕೈ ಬಿಗಿ ಮಾಡತಾವ. ಎಲ್ಲಾರಿಗೂ ಒಂದೇ ಥರ ಅಲ್ಲ. ಕಲಿಯಂಗಿಲ್ಲ ಅಂತಲ್ಲ ಹುಸೇನಪ್ಪ, ತಡ ಆಗತದ. ಎದ್ದ ಮ್ಯಾಲೆ ಮತ್ತ ಹೊಲೀಬೇಕು, ಅಷ್ಟ." ನಾನು ತಲೆ ತಗ್ಗಿಸಿಕೊಂಡು ಕೇಳಿದೆ. ರೊಟ್ಟಿಯ ಜೊತೆ ತಿಂದೆಯಾ ಎಂದು ಕೇಳಿದ್ದವನು ನಾನು.

ಹುಟ್ಟು ಮುಟ್ಟಂಗಿಲ್ಲ ಎಂದಿದ್ದವಳ ಕೈಗೆ ನಾನೇ ಮತ್ತೆ ಹುಟ್ಟು ಕೊಟ್ಟೆ. ಚಳಿಗಾಲ ಪೂರ್ತಿ ನಾವಿಬ್ಬರು ಬಂಡೆಯ ಮರೆಯ ಮಡುವಿನಲ್ಲಿ ಕಲಿತೆವು. ಕೂಗುವುದಿಲ್ಲ. ಅವಳ ಕೈಯ ಕೆಳಗೆ ನನ್ನ ಕೈ. ನಾಕು, ಮುಚ್ಚು. ನಾಕು, ಮುಚ್ಚು. ಸಂಜೆ ಬಂದರೆ ಬೆಳಗಿನದನ್ನೇ ಮತ್ತೆ. ಎಂದೂ ಇದು ನಿನಗೆ ಗೊತ್ತಿತ್ತಲ್ಲ ಎನ್ನುವಂತಿಲ್ಲ. ಕೆಲವು ದಿನ ದನಿಗಳು ಜಾಸ್ತಿಯಾಗಿ ಅವಳು ಸುಮ್ಮನೆ ಕೂತಿರುತ್ತಿದ್ದಳು, ನಾನೂ ಕೂತಿರುತ್ತಿದ್ದೆ. ನನ್ನಂಥ ವಾಚಾಳಿಗೆ ಅದೇ ದೊಡ್ಡ ಕಸರತ್ತು. ಹೂಗಿಡಕ್ಕೆ ನೀರು ಹಾಕಿದವರಿಗೆ ಯಾವ ದಿನ ಮೊಗ್ಗು ಬಂತೆಂದು ಗೊತ್ತಾಗದ ಹಾಗೆ, ಯಾವ ದಿನದಿಂದ ಹರಿಗೋಲು ನೆಟ್ಟಗಾಯಿತೋ ನನಗೂ ಗೊತ್ತಾಗಲಿಲ್ಲ. ಒಂದು ಸಂಜೆ ನನ್ನ ಕೈ ಕೆಳಗಿರಲಿಲ್ಲ, ಆದರೂ ಅದು ಹೋಗುತ್ತಿತ್ತು. ಒಮ್ಮೆ ಕೈಗೆ ಕೂತ ಮೇಲೆ ಆ ವಿದ್ಯೆ ಅವಳನ್ನು ಬಿಟ್ಟು ಹೋಗಲಿಲ್ಲ.

ಇಲ್ಲಿಯವರೆಗಿನದನ್ನು ನಾನು ಯಾರ ಎದುರಿಗಾದರೂ ಹೇಳಬಲ್ಲೆ. ಇನ್ನು ಮುಂದಿನದಕ್ಕೇ ಈ ಗಡಿಗೆ, ಈ ಮೇಣ.

ಮೂರನೆಯ ಅವಕಾಶವನ್ನು ವಾಪಸು ಕೇಳಲು ನಾನು ಕಡವುಕೂಟಕ್ಕೆ ಹೋದೆ. ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡೆ: ನನ್ನ ಸಾಕ್ಷಿ ತಪ್ಪು, ಕಂಡುಹಿಡಿದವಳು ಅವಳು. ಕಟ್ಟೆ ಹತ್ತಿದೆ. ಎಲ್ಲರ ಮುಖಗಳೂ ನನ್ನ ಕಡೆ. ಬೂದೆಪ್ಪನವರು, "ಏನಪಾ ಹುಸೇನಪ್ಪ, ಏನೋ ಹೊಸಾದು ತಂದಂಗ ಐತಿ?" ಎಂದರು. ಹೊಸದು ಎಂಬ ಆ ಒಂದು ಮಾತು ಕಿವಿಗೆ ಬಿದ್ದದ್ದೇ ತಡ, ನನ್ನ ಬಾಯಿ ತನ್ನ ಹಳೆಯ ರೂಢಿ ಹಿಡಿಯಿತು. "ಹೌದ್ರೀ ಯಜಮಾನ್ರ, ನಮ್ಮ ಹಿರ್ಯಾರು ಹೇಳ್ಕೊಂತ ಬಂದ ಎಂಟೇ ತಪ್ಪೈತಿ. ನಾ ಕಂಡುಹಿಡದೀನಿ" ಎಂದೆ. ನೆಲದ ಮೇಲೆ ಬರೆದು ತೋರಿಸಿದೆ. ಜನ ಸುತ್ತುಗಟ್ಟಿದರು, ಬೆನ್ನು ತಟ್ಟಿದರು. ಇದಕ್ಕೆ ಹುಸೇನಪ್ಪನ ನಾಕು ಎಂದೇ ಹೆಸರಿರಲಿ ಎಂದು ಯಾರೋ ಕೂಗಿದರು. ಆಮೇಲೆ ಅವಳ ಮಾತು ಎತ್ತಬೇಕಿತ್ತು. ಎತ್ತಿದರೆ ನನ್ನ ನಾಲ್ಕು ಹೋಗುತ್ತಿತ್ತು. ಎತ್ತಲಿಲ್ಲ. ಹುಲಿಗೆಮ್ಮ ಕಟ್ಟೆಯ ಕೆಳಗೇ ಇದ್ದಳು. ನಾನು ಇಳಿಯುವಾಗ ಬೇರೆ ಕಡೆಯಿಂದ ಇಳಿದೆ.

ಅವಳು ಮಡುವಿಗೆ ಬರುವುದನ್ನು ಬಿಟ್ಟಳು. ಊರಿನ ಸಣ್ಣ ಮಕ್ಕಳೆಲ್ಲ "ಹುಸೇನಪ್ಪನ ನಾಕು, ಮುಚ್ಚು" ಎಂದು ಕೂಗಿಕೊಂಡು ಬೇಗ ಬೇಗ ಕಲಿಯುತ್ತಿದ್ದರು. ಅಮಾವಾಸ್ಯೆ ಬಂತು. ಸಣ್ಣಈರಮ್ಮ ನನ್ನ ಬಾಗಿಲಲ್ಲಿ ನಿಂತು, "ಅಣ್ಣಾ, ಈ ಸಲ ಆಕೀನ ಯಾರು ದಾಟಸ್ತಾರ?" ಎಂದಳು. ನನ್ನ ತಂಗಿ ಬೈಯುವುದರಲ್ಲಿ ಊರಿಗೆ ಮೊದಲನೆಯವಳು. ಅವಳು ಬೈಯದೆ ಹೋದಳು.

ನಾನೇ ದಾಟಿಸಿದೆ. ಹುಲಿಗೆಮ್ಮ ಹರಿಗೋಲಿನ ನಡುವೆ ಸೆರಗು ಹೊದ್ದುಕೊಂಡು, ದಡದವರು ಕೂರುವ ಹಾಗೆ ಕೂತಳು. ಎರಡನೆಯ ಕಂಬದ ಹತ್ತಿರ ಬಂದಾಗ ನನಗೆ ತಡೆಯಲಾಗಲಿಲ್ಲ. ಹುಟ್ಟನ್ನು ಅವಳ ತೊಡೆಯ ಮೇಲಿಟ್ಟು ಹೊಳೆಗೆ ಹಾರಿದೆ. ಮಾತಿನಲ್ಲಿ ಹೇಳಲಾರದ್ದನ್ನು ಹೀಗಾದರೂ ಊರೆಲ್ಲ ನೋಡಲಿ, ಅವಳು ಒಂಟಿಯಾಗಿ ದಾಟುವುದನ್ನು ನೋಡಲಿ ಎಂಬುದು ನನ್ನ ಲೆಕ್ಕ. ಹಾರುವಾಗಲೂ ಜನ ನೋಡುತ್ತಿದ್ದಾರೆಯೇ ಎಂದು ಒಮ್ಮೆ ದಡದ ಕಡೆ ತಿರುಗಿ ನೋಡಿದ್ದು ನಿಜ. ಬೇಕೆಂದೇ ನೀರಿಗೆ ಬಿದ್ದವನನ್ನು ನೋಡುವ ಹಾಗೆ ಅವಳು ನನ್ನನ್ನು ಒಂದು ಗಳಿಗೆ ನೋಡಿದಳು. ಹರಿಗೋಲು ಒಂದು ಸುತ್ತು ತಿರುಗಿತು. ಆಮೇಲೆ ಹುಟ್ಟು ನೀರಿಗೆ ಇಳಿಯಿತು. ನಾಕು, ಮುಚ್ಚು. ಅವಳು ತಿರುಗಿ ನೋಡದೆ ಹೋದಳು.

ನಾನು ಕಂಬವನ್ನು ಅಪ್ಪಿಕೊಂಡು ಉಳಿದೆ. ಸೆಳೆತ ಜೋರಿತ್ತು, ಈಜುವ ಹಾಗಿರಲಿಲ್ಲ. ಮೇಲೆ ನೀರುಕಾಗೆಗಳು, ಕೆಳಗೆ ನಾನು, ದಡದ ಮೇಲೆ ಊರು. ಅವಳು ಮದ್ದಿನಮನೆಗೆ ಹೋಗಿ, ತೋರಿಸಿಕೊಂಡು, ಗುಳಿಗೆ ಸೆರಗಿನಲ್ಲಿ ಕಟ್ಟಿಕೊಂಡು, ಆತುರವಿಲ್ಲದೆ ವಾಪಸು ಬಂದಳು. ಕಂಬದ ಹತ್ತಿರ ಹರಿಗೋಲು ನಿಲ್ಲಿಸಿದಳು. ಸುಳಿಯಲ್ಲಿ ನಿಲ್ಲಿಸುವುದು ದಾಟುವುದಕ್ಕಿಂತ ಕಷ್ಟ, ಅದು ನಿಮಗೆ ಗೊತ್ತಿರಲಿ. "ಹತ್ತ್ರಿ. ನಡುವ ಕುಂದರ್ರಿ. ಅಲ್ಲಾಡಬ್ಯಾಡ್ರಿ" ಎಂದಳು. ಎತ್ತಿ ಆಡಿಸಿದ ನನ್ನನ್ನು ಹುಟ್ಟಿದಾಗಿನಿಂದ ನೀನು ಎನ್ನುತ್ತಿದ್ದವಳು. ನಾನು ನಡುವೆ ಕೂತೆ. ಅಲ್ಲಾಡಲಿಲ್ಲ.

ಅದೇ ಸಂಜೆ ಒದ್ದೆ ಬಟ್ಟೆಯಲ್ಲೇ ಕಟ್ಟೆ ಹತ್ತಿ ಎಲ್ಲವನ್ನೂ ಹೇಳಿದೆ. ಈ ಸಲ ಬಾಯಿಗೆ ರೂಢಿಯಿಲ್ಲದ ಮಾತುಗಳು, ಒಂದೊಂದೂ ಎಳೆದು ತರಬೇಕಾಯಿತು. ಯಾರೂ ಬೆನ್ನು ತಟ್ಟಲಿಲ್ಲ. ಬೂದೆಪ್ಪನವರು, "ನಾವೂ ಕೇಳಿದ್ವಿ, ಕೇಳಿ ನಂಬಿದ್ವಿ. ಆಕೀನ ಒಂದ್ ಮಾತ ಕೇಳ್ಲಿಲ್ಲ" ಎಂದರು. ಅವರಿಗೂ ತಲೆ ಎತ್ತಲಾಗಲಿಲ್ಲ. ನನ್ನ ಮಾತಿನ ಸರದಿ ಒಂದು ವರುಷಕ್ಕೆ ಹೋಯಿತು, ಹಿಂದೋಲೆ ಬಂತು. ಕಂಬದಿಂದ ಹೋದದ್ದು ದಾಟಲ್ಲ, ಪೂರ್ತಿ ದಾಟಬೇಕು ಎಂದು ಹುಲಿಗೆಮ್ಮನಿಗೆ ಮೂರನೆಯ ಅವಕಾಶವನ್ನು ಕೊಟ್ಟರು. ಆ ದಿನ ನನಗೆ ದಡಕ್ಕೆ ಬರಲು ಅಪ್ಪಣೆ ಇರಲಿಲ್ಲ, ನೆರಳುಮನೆಯೊಳಗೆ ಕೂತಿದ್ದೆ. ಗೆದ್ದರೆ ಹಲಗೆ ಬಡಿಯುತ್ತಾರೆ. ಬಡಿದರು.

ಈಗ ಅವಳಿಗೆ ಸ್ವಂತ ಹರಿಗೋಲಿದೆ, ಸ್ವಂತ ಒಲೆಯಿದೆ. ಕೂಟದಲ್ಲಿ ಮಾತಾಡುತ್ತಾಳಂತೆ. ಕವಲುಗಿವಿಯವರಿಗೆ ಮೂರೇ ಸಲ ಎಂಬುದು ಸಾಲದು, ಬೇಕಾದಷ್ಟು ಸಲ ಇರಲಿ ಎಂದು ಕೇಳಿದ್ದಾಳಂತೆ. ಇನ್ನೂ ತೀರ್ಮಾನವಾಗಿಲ್ಲ. ನನ್ನನ್ನು ಈಗಲೂ "ಹುಸೇನಪ್ಪನವರ, ಊಟ ಆತೇನ್ರಿ" ಎಂದು ಕೇಳುತ್ತಾಳೆ. ಮಾವಾ ಎನ್ನುವುದಿಲ್ಲ. ಅವಳು ಒಮ್ಮೆ ಬೈದಿದ್ದರೆ ಆಗಿತ್ತು. ಬುಗುರಿ ಎಂಬ ಹೆಸರೂ ಹೋಗಿಲ್ಲ. ನಾನು ಮಕ್ಕಳನ್ನು ನಿಲ್ಲಿಸಿ ಹಾಗೆ ಕರೆಯಬೇಡಿ ಎನ್ನುತ್ತೇನೆ. ಯಾಕೆ ಎಂದು ಅವು ಕೇಳುತ್ತವೆ. ಹೇಳಲು ಹೊರಟರೆ ಕಥೆ ನನಗೇ ಗೊತ್ತಾಗದಂತೆ ರಂಗಾಗಿ ಬೆಳೆಯುತ್ತದೆ, ಮಕ್ಕಳು ಬಾಯಿ ಬಿಟ್ಟು ಕೇಳುತ್ತವೆ, ಕೊನೆಗೆ ಬುಗುರಿ ಎಂಬ ಮಾತೇ ಇನ್ನಷ್ಟು ಗಟ್ಟಿಯಾಗಿ ಕೂರುತ್ತದೆ. ಅದಕ್ಕೆ ಈಗ ಯಾಕೆ ಎಂದು ಕೇಳಿದರೆ, ನಾನು ಇಟ್ಟ ಹೆಸರು ಅದು, ಕೆಟ್ಟದ್ದು, ಎಂದಷ್ಟೇ ಹೇಳಿ ಎದ್ದು ಹೋಗುತ್ತೇನೆ.

ಹಿಂದೋಲೆಯಲ್ಲಿ ಕ್ಷಮೆ ಕೇಳುವಂತಿಲ್ಲ. ಒಂದು ಬೇಡಿಕೆ ಇಡಬಹುದು. ನಿಮ್ಮ ಮನೆಯಲ್ಲಿ, ನಿಮ್ಮ ಓಣಿಯಲ್ಲಿ ಇಂಥ ಜಡ್ಡಿನವರು ಇದ್ದೇ ಇರುತ್ತಾರೆ. ಅವರಿಗೆ ಸೈಕಲ್ಲೋ, ಹೊಲಿಗೆ ಮಿಷನ್ನೋ, ರೊಟ್ಟಿ ಬಡಿಯುವುದೋ ಕಲಿಸುತ್ತಿದ್ದರೆ, ನಿನ್ನೆ ಹೇಳಿದ್ದನ್ನು ಇವತ್ತು ಮೊದಲ ಸಲ ಹೇಳಿದ ಹಾಗೆ ಹೇಳಿ. ಅವರು ವಿಚಿತ್ರವಾದ ಪ್ರಶ್ನೆ ಕೇಳಿದರೆ ಪಕ್ಕದವರ ಕಡೆ ನೋಡಿ ಕಣ್ಣು ಮಿಟುಕಿಸಬೇಡಿ. ಅವರಿಗೆ ಕಾಣಿಸುತ್ತದೆ.

ನಿನ್ನೆ ಮೊನ್ನೆ ಅಮಾವಾಸ್ಯೆ ಕಳೆಯಿತೋ ಇಲ್ಲವೋ ಎಂದು ಲೆಕ್ಕ ತಪ್ಪಿ, ಸಣ್ಣಈರಮ್ಮನ ಮನೆಗೆ ಹೋಗಿದ್ದೆ. ಹುಲಿಗೆಮ್ಮ ಆಚೆಗೆ ಹೋಗಿ ಬಂದಳೋ, ಚಾಂದಬಿ ಏನು ಹೇಳಿದರೋ, ಗುಳಿಗೆ ಹೆಚ್ಚಾಯಿತೋ ಕಡಿಮೆಯಾಯಿತೋ ಎಂದು ಕೇಳಲು ನಾಲಿಗೆಯ ತುದಿಗೆ ಬಂತು. ತಂಗಿ ರೊಟ್ಟಿ ಬಡಿಯುತ್ತ ನನ್ನ ಮುಖವನ್ನೇ ನೋಡುತ್ತಿದ್ದಳು. ಕೇಳಲಿಲ್ಲ. ರೊಟ್ಟಿ ಕೊಟ್ಟಳು, ತಿಂದು ಬಂದೆ. ಹುಲಿಗೆಮ್ಮ ಯಾವಾಗ ಹೋಗುತ್ತಾಳೆ, ಯಾವಾಗ ಬರುತ್ತಾಳೆ ಎಂಬುದು ಈಗ ಊರಿನಲ್ಲಿ ಯಾರಿಗೂ ಗೊತ್ತಿಲ್ಲ. ನನಗೂ ಗೊತ್ತಿಲ್ಲ.

ಶರಣು. ಮೇಣ ಕರಗುತ್ತಿದೆ, ಗಡಿಗೆ ಮುಚ್ಚುತ್ತೇನೆ.

ಹುಸೇನಪ್ಪ
ಐದನೆಯ ಇಯತ್ತೆ